ಸಿಂಗರ್ ಹಸನಬ್ಬನವರ ಫ್ರೆಂಚ್ ಹಾಡು

ಹಸನಬ್ಬನವರು ಫ್ರೆಂಚ್ ಗಾಯಕರಾದದ್ದು ಐವತ್ತೊಂದನೆಯ ವಯಸ್ಸಿನಲ್ಲಿ, ಫರ್ವಾನಿಯಾದ ಒಂದು ಟೈಪಿಂಗ್ ಅಂಗಡಿಯಲ್ಲಿ, ಹೆಚ್ಚೆಂದರೆ ನಾಲ್ಕು ನಿಮಿಷದೊಳಗೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಅವರು ಕುವೈತಿನಲ್ಲಿ ದರ್ಜಿಯಾಗಿದ್ದರು. ಅವರ ಅಂಗಡಿಯ ಮೇಲಿನ ಮಹಡಿಯಲ್ಲೇ ನನ್ನ ಫ್ಲ್ಯಾಟು. ನಾನು ಗರ್ಟ್ರೂಡ್, ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಈ ಅವಾಂತರದಲ್ಲಿ ಅರ್ಧ ಪಾಪ ನನ್ನದು. ಪಾಪನಿವೇದನೆಯಲ್ಲಿ ಹೇಳಿದ್ದೂ ಆಯಿತು. ಪಾದ್ರಿಗಳು ನಕ್ಕುಬಿಟ್ಟರು, ನನಗೆ ಅದೊಂದು ಸಿಟ್ಟು ಇನ್ನೂ ಇದೆ.

ಆದದ್ದಿಷ್ಟು. ವೀಸಾ ಕೊಡಿಸಿದ್ದ ಹಳೆಯ ಕಫೀಲ್ ತೀರಿಕೊಂಡು, ಹೊಸ ಕಫೀಲನ ಹೆಸರಿಗೆ ಇಕಾಮಾ, ಅಂದರೆ ವಾಸದ ಪರವಾನಗಿ, ಬದಲಾಯಿಸಬೇಕಿತ್ತು. ಅರ್ಜಿ ತುಂಬುತ್ತಿದ್ದ ಈಜಿಪ್ಟಿನವನು “ಕೆಲಸ?” ಎಂದು ಕೇಳಿದ. ನಮ್ಮೂರ ಹಳೇ ದರ್ಜಿಗಳಿಗೆ ಮೆಷಿನು ಎಂದರೆ ಸಿಂಗರ್, ಕೆಲಸ ಎಂದರೂ ಸಿಂಗರ್. ಬೇರೆಯವರೆಲ್ಲ ಜಪಾನಿನ ಕರೆಂಟ್ ಮೆಷಿನಿಗೆ ಹೋದರೂ ತಾನು ಕಾಲಲ್ಲೇ ತುಳಿಯುತ್ತೇನೆಂಬ ಜಂಬ ಬೇರೆ ಇವರಿಗೆ. ಎದೆ ಸೆಟೆಸಿ “ಸಿಂಗರ್” ಎಂದರು. “ಎಲ್ಲಿಯ?” ಎಂದ ಅವನು. “ಫರಂಗಿಪೇಟೆ” ಎಂದರು ಇವರು. ಅವನ ಭಾಷೆಯಲ್ಲಿ ಫರಂಗಿ ಎಂದರೆ ವಿಲಾಯತಿಯವನು. ಮುಂದಿನ ‘ಪೇಟೆ’ಯನ್ನು ಅವನು ಏನೆಂದುಕೊಂಡನೋ ದೇವರೇ ಬಲ್ಲ. ವಾರ ಬಿಟ್ಟು ಬಂದ ಕಾರ್ಡಿನಲ್ಲಿ ಅರಬಿಯಲ್ಲಿ ಚೆಂದಾಗಿ ಅಚ್ಚಾಗಿತ್ತು: ಮುಗನ್ನಿ ಫರನ್ಸಿ. ಫ್ರೆಂಚ್ ಗಾಯಕ.

ಹಸನಬ್ಬ ಬೊಬ್ಬೆ ಹಾಕಿಕೊಂಡು ಟೈಪಿಂಗ್ ಅಂಗಡಿಗೆ ಓಡಿದರು. ಆ ಪುಣ್ಯಾತ್ಮ ತಲೆ ಎತ್ತದೆ ಹೇಳಿದನಂತೆ: ಬದಲಾಯಿಸಬಹುದು, ಆದರೆ ದರ್ಜಿಗೆ ಹೆಂಡತಿಯ ವೀಸಾ ಸಿಗುವುದಿಲ್ಲ, ಕಲಾವಿದನಾದರೆ ಅರ್ಜಿ ಹಾಕಬಹುದು, ಹಾಡುವ ಜಾಗದಿಂದ ಒಂದು ಪತ್ರ ತಂದರೆ ಸಾಕು.

ಇವರು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರಂತೆ. ಮದುವೆಯಾದ ಎಂಟನೆಯ ದಿನಕ್ಕೆ ಕದೀಜಾಳನ್ನು ಬಿಟ್ಟು ವಿಮಾನ ಹತ್ತಿದ ಮನುಷ್ಯ. ಆಮೇಲೆ ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಈಗ ಮಗಳು ಫರ್ಝಾನಾ ಕಾಲೇಜು ಹಾಸ್ಟೆಲಿಗೆ ಸೇರಿ, ಊರಿನ ಮನೆಯಲ್ಲಿ ಕದೀಜಾ ಒಬ್ಬಳೇ.

ಸಂಜೆ ನನ್ನ ಬಾಗಿಲು ಬಡಿದರು. “ಬಾಯಮ್ಮ, ನಿಮಗೆ ಫ್ರೆಂಚ್ ಬರ್ತದಲ್ಲ?”

“ಪಿಯುಸಿಯಲ್ಲಿ ಮಾರ್ಕಿಗೋಸ್ಕರ ತಗೊಂಡದ್ದು ಹಸನಾಕ. ಅಂಕಿ ಬಿಟ್ಟರೆ ಬೇರೆ ಎಂತದೂ ನೆನಪಿಲ್ಲ. ಹಾಂ, ಮೆರ್ಸಿ ಉಂಟು. ಥ್ಯಾಂಕ್ಸ್ ಅಂತ.”

“ಅಂಕಿ ಧಾರಾಳ ಆಯ್ತು ಮಾರಾಯ್ರೆ. ನಾನು ಜೀವಮಾನ ಇಡೀ ಬರೆದದ್ದು ಅಂಕಿಯೇ ಅಲ್ವಾ?”

ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎಂದುಕೊಂಡು ಹದಿನೈದು ದಿನ ಕಲಿಸಿದೆ. ಕತೋರ್ಜ್ ಎಂದರೆ ಹದಿನಾಲ್ಕು, ವ್ಯಾಂತ್‌ವಿತ್ ಎಂದರೆ ಇಪ್ಪತ್ತೆಂಟು, ತ್ರಾಂತ್‌ಸಿಸ್ ಎಂದರೆ ಮೂವತ್ತಾರು. ಮೂಗಿನಲ್ಲಿ ಹೇಳಬೇಕು ಎಂದದ್ದಕ್ಕೆ ನೆಗಡಿ ಬರಲಿ ಎಂದು ಎಸಿಯ ಕೆಳಗೇ ಮಲಗಿದರು. ಹದಿನಾರನೆಯ ದಿನ ಕಣ್ಣು ಮುಚ್ಚಿ ಅವರದೇ ಒಂದು ರಾಗದಲ್ಲಿ ಹಾಡಿದರು: “ತ್ರಾಂತ್‌ಸಿಸ್... ವ್ಯಾಂತ್‌ವಿತ್... ಕತೋರ್ಜ್...” ಎದೆ, ಸೊಂಟ, ಭುಜ. ಅಳತೆ ಅಷ್ಟೆ! ಯಾವುದೋ ಗಿರಾಕಿಯದ್ದಿರಬೇಕು ಎಂದುಕೊಂಡೆ. ಆದರೂ ಸುಳ್ಳು ಯಾಕೆ ಹೇಳಲಿ, ಇನ್ನೊಮ್ಮೆ ಹಾಡಿ ಎಂದೆ.

ರಾಯ್ ಬಡಾವಣೆಯ ಸೋಫಾ ಷೋರೂಮುಗಳ ನಡುವೆ ಒಂದು ಫ್ರೆಂಚ್ ಕೆಫೆ ಇದೆ. ಪತ್ರಕ್ಕಾಗಿ ಅಲ್ಲಿಗೆ ಹೋದೆವು. ಅದರ ಮ್ಯಾನೇಜರ್ ಲೆಬನಾನಿನವನು, ಫ್ರೆಂಚ್ ಅರೆದು ಕುಡಿದವನು. ಇನ್ನು ಖಲಾಸ್, ಪೊಲೀಸರನ್ನೇ ಕರೆಯುತ್ತಾನೆ ಎಂದು ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಹಾಡು ಮುಗಿಯಿತು. ಅವನು ಕನ್ನಡಕ ತೆಗೆದು ಒರೆಸಿಕೊಂಡ. “ಶಬ್ದಗಳೇ ಇಲ್ಲ! ಮನುಷ್ಯನ ಒಂಟಿತನಕ್ಕೆ ಅಂಕಿಗಳಷ್ಟೇ ಉಳಿದಿವೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ಪತ್ರಕ್ಕೆ ಸಹಿ ಹಾಕಿದ. ಪ್ರತಿ ಗುರುವಾರ ಸಂಜೆ ಹಾಡಬೇಕು ಎಂಬುದೊಂದೇ ಷರತ್ತು.

ಅಲ್ಲಿಂದ ಇವರ ಕೀರ್ತಿ ಏರಿದ್ದೇ ಏರಿದ್ದು. ಎರಡನೆಯ ಹಾಡು ಒಬ್ಬ ದಢೂತಿ ಶೇಖನ ದಿಶ್ದಾಶಾ ನಿಲುವಂಗಿಯ ಅಳತೆ. ಅಂಕಿಗಳು ದೊಡ್ಡವಾದ್ದರಿಂದ ಅದು ಬಹಳ ಗಂಭೀರವಾಗಿದೆ ಎಂದರು ಜನ. ಮೂರನೆಯದು ಒಂದು ಶಾಲೆಯ ಯೂನಿಫಾರ್ಮಿನ ಆರ್ಡರು, ಅದಕ್ಕೆ ಕೂತವರೆಲ್ಲ ಚಪ್ಪಾಳೆ ತಟ್ಟಿ ತಾಳ ಹಾಕಿದರು. ಒಮ್ಮೆ ನಿಜವಾದ ಫ್ರೆಂಚರವನೊಬ್ಬ ಬಂದ. ಮೊದಲ ಹಾಡು ಕೇಳಿ ಇವರ ಕೈ ಹಿಡಿದು ಏನೋ ಕೇಳಿದ. ಆ ಇಪ್ಪತ್ತೆಂಟರಲ್ಲಿ ನಿಮ್ಮ ಬದುಕಿನಲ್ಲಿ ಏನಾಯಿತು ಎನ್ನುತ್ತಿದ್ದಾನೆ ಎಂದು ಮ್ಯಾನೇಜರ್ ತಿಳಿಸಿದ. ಹಸನಬ್ಬ “ಮೆರ್ಸಿ” ಎಂದರು. ಫ್ರೆಂಚರವನು ಕರವಸ್ತ್ರ ತೆಗೆದ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕೆ.

ಏಳನೆಯ ತಿಂಗಳಿಗೆ ವೀಸಾ ಬಂತು, ಅದರ ಹಿಂದೆಯೇ ಕದೀಜಾ ಬಂದಳು. ಉಪ್ಪಿನಕಾಯಿ, ಒಣಮೀನು, ಅಕ್ಕಿರೊಟ್ಟಿಯ ಹೆಂಚು ಎಲ್ಲ ಹೊತ್ತುಕೊಂಡು. ಗಂಡ ಹಾಡುತ್ತಾನೆಂದು ಕೇಳಿ ಬಿದ್ದು ಬಿದ್ದು ನಕ್ಕಳು. ಗುರುವಾರ ಅವಳನ್ನು ನಾನೇ ಕೆಫೆಗೆ ಕರೆದುಕೊಂಡು ಹೋದೆ. ಹಸನಬ್ಬ ಅವಳನ್ನೇ ನೋಡುತ್ತ ಮೊದಲ ಹಾಡು ಹಾಡಿದರು. ಅಂದು ಹಾಡಿದ ಹಾಗೆ ಅವರು ಎಂದೂ ಹಾಡಿರಲಿಲ್ಲ.

ಕದೀಜಾ ನನ್ನ ಕಡೆ ಬಗ್ಗಿದಳು. “ಎಂತ ಬಾಯಮ್ಮ ಅದರ ಅರ್ಥ?”

ನನ್ನ ನಾಲಿಗೆಗೆ ಬೆಂಕಿ ಬೀಳ. “ಯಾರೋ ಹೆಂಗಸಿನ ಅಳತೆ ಮಾರಾಯ್ತಿ. ಎದೆ ಮೂವತ್ತಾರು, ಸೊಂಟ ಇಪ್ಪತ್ತೆಂಟು, ಭುಜ ಹದಿನಾಲ್ಕು,” ಎಂದು ನಗುತ್ತ ಹೇಳಿಬಿಟ್ಟೆ.

ಅವಳ ಮುಖದ ನಗು ಇಳಿಯಿತು. “ನನ್ನದು ನಲವತ್ತೆರಡು,” ಎಂದಳು. “ಇದು ಯಾರದ್ದು?”

ಮರುದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳ ಪೆಟ್ಟಿಗೆ ತಯಾರಾಗಿತ್ತು. ಶನಿವಾರದ ವಿಮಾನಕ್ಕೆ ಕಳಿಸಿ, ಇಲ್ಲದಿದ್ದರೆ ನಡೆದೇ ಹೋಗುತ್ತೇನೆ ಎಂದು ಹಟ. ಅನ್ನ ಮುಟ್ಟಿಲ್ಲ. ಹಸನಬ್ಬ ಮೂಲೆಯಲ್ಲಿ ನಿಂತಿದ್ದರು. ಕುವೈತ್ ಇಡೀ ಕಣ್ಣೀರು ಹಾಕಿಸಿದವರಿಗೆ ಹೆಂಡತಿಯ ಮುಂದೆ ಬಾಯೇ ಬರುತ್ತಿರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

“ಮಾತಾಡಿ ಹಸನಾಕ! ಯಾರವಳು ಮೂವತ್ತಾರರವಳು?”

“ಅವಳೇ,” ಎಂದರು ಕದೀಜಾಳನ್ನು ತೋರಿಸಿ.

“ಸುಳ್ಳು,” ಎಂದಳು ಅವಳು.

“ಸುಳ್ಳಲ್ಲ. ಮದುವೆ ಆಗಿ ಮೂರನೇ ದಿನ ನಿನಗೆ ಹಸಿರು ಕುಪ್ಪಾಯ ಹೊಲಿಲಿಕ್ಕೆ ಅಳತೆ ತೆಗೆದದ್ದು. ಹೊಲಿದು ಮುಗಿಲಿಲ್ಲ, ವೀಸಾ ಬಂತು. ಕಾಗದ ಕೂಡ ಕಳೆದುಹೋಯ್ತು. ಅಂಕಿ ಹೋಗಲಿಲ್ಲ.”

“ಇಪ್ಪತ್ತೆರಡು ವರ್ಷ!” ಎಂದಳು ಕದೀಜಾ. “ಊರ ಹೆಂಗಸರಿಗೆಲ್ಲ ಹೊಲಿದಿರಿ. ನಾನು ರೆಡಿಮೇಡ್ ತಗೊಂಡು ಹಾಕಿದೆ. ಒಂದು ರಜೆಯಲ್ಲಾದರೂ ಟೇಪು ಹಿಡಿದಿರಾ? ಆ ಮೂವತ್ತಾರರವಳು ಬೇಕಿದ್ದರೆ ಈ ನಲವತ್ತೆರಡರವಳನ್ನು ಯಾಕೆ ಕರೆಸಿದ್ದು?”

ಹಸನಬ್ಬ ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದರು. ಅದರ ತುದಿ ಬಿಡಿಸಿ ಹತ್ತಿರ ಹೋಗಿ ನಿಂತರು. ಕದೀಜಾ ಅಳತೆಗೆ ಕೈ ಎತ್ತಿದಳು. “ಬರ್ಕೊಳ್ಳಿ ಬಾಯಮ್ಮ,” ಎಂದಳು ಗೋಡೆ ನೋಡುತ್ತ.

ನಾನು ಅಂಗಡಿಯ ಪುಸ್ತಕ ತೆಗೆದುಕೊಂಡೆ. ಹಸನಬ್ಬ ಅಭ್ಯಾಸದಿಂದ “ಕರಾಂತ್‌ದ್ಯೂ” ಎಂದರು.

“ನಮ್ಮ ಬ್ಯಾರಿಯಲ್ಲಿ ಹೇಳಿ,” ಎಂದಳು.

ಹೇಳಿದರು. ಒಂದೊಂದಾಗಿ, ಎದೆ, ಸೊಂಟ, ಭುಜ, ತೋಳು. ಎರಡು ಸಲ ಟೇಪಿನ ಅಂಕಿ ಕಾಣದೆ ಮತ್ತೆ ಅಳೆದರು. ಬರೆಯುತ್ತಿದ್ದ ನನಗೂ ಅಕ್ಷರ ಕಾಣಲಿಲ್ಲ.

ಕದೀಜಾ ಕೈ ಇಳಿಸಿ ಸೆರಗು ಸರಿಮಾಡಿಕೊಂಡಳು. “ಆ ಕುಪ್ಪಾಯ ಹೊಲಿದು ಮುಗಿಯುವವರೆಗೆ ಇರ್ತೇನೆ. ಹಾಕಿಕೊಂಡೇ ಹೋಗ್ತೇನೆ. ಒಂದು ದಿನ ಹೆಚ್ಚಿಲ್ಲ.”

ಇದಾಗಿ ಐದು ತಿಂಗಳು. ಗಿರಾಕಿಗಳ ಬಟ್ಟೆಯನ್ನು ಹಸನಬ್ಬ ಈಗಲೂ ಹೇಳಿದ ದಿನಕ್ಕೆ ಕೊಡುತ್ತಾರೆ. ಹಸಿರು ಕುಪ್ಪಾಯ ಮಾತ್ರ ಮೆಷಿನಿನ ಪಕ್ಕದಲ್ಲೇ ನೇತಾಡುತ್ತಿದೆ. ಕದೀಜಾ ಬೆಳಿಗ್ಗೆ ಚಾ ಕೊಡುವಾಗ, “ಆಯ್ತಾ?” ಎಂದು ಜೋರಾಗಿ ಕೇಳುತ್ತಾಳೆ. “ಗುಂಡಿ ಮಾತ್ರ ಬಾಕಿ, ನಾಳೆ,” ಎನ್ನುತ್ತಾರೆ ಇವರು. “ಈ ದರ್ಜಿಗಳ ಹಣೆಬರಹವೇ ಇಷ್ಟು,” ಎಂದು ಬೈಯುತ್ತ ಅವಳು ಮಧ್ಯಾಹ್ನದ ಮೀನು ತರಲು ಹೊರಡುತ್ತಾಳೆ.