ಚೈನಿಗೆ ಸಿಕ್ಕ ಸೆರಗು

ರಬಕವಿಯ ಓಣಿಯಲ್ಲಿ, ಬೈಕಿನ ಹಿಂದೆ ಕೂತಿದ್ದ ಹೆಂಡತಿ ಚೀರಿದಳು. ನಿಲ್ಲಿಸಿ ನೋಡಿದರೆ ಅವಳ ಹೊಸ ಸೀರೆಯ ಸೆರಗು ಚೈನಿಗೆ ಸುತ್ತಿಕೊಂಡಿತ್ತು. ಗಾಬರಿಯಲ್ಲಿ ಎಂಜಿನ್ ಆರಿಸದೆಯೇ ಕೈ ಹಾಕಲು ಹೋದೆ.

"ಕೈ ತಗೀರಿ ಮೊದ್ಲ!"

ಮಗ್ಗದ ಮನೆಯಿಂದ ಓಡಿಬಂದ ಹೆಂಗಸು ಗದರಿದಳು. ಎಂಜಿನ್ ಆರಿಸಿ, ಕೀಲಿ ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗ್ಗ ಕೆಟ್ಟಾಗಲೂ ಅವರ ಮೊದಲ ಕೆಲಸ ಸ್ವಿಚ್ ಆರಿಸುವುದಂತೆ.

"ಕತ್ತರಿ ಇದೆಯಾ?" ಎಂದೆ.

"ನೇಯೋರ ಮುಂದ ಕತ್ತರಿ ಮಾತ ಆಡ್ತೀರೇನ್ರಿ? ಗಾಲಿ ಹಿಂದಕ್ಕ ತಿರುವ್ರಿ, ಸಾವಕಾಶ."

ನಾನು ತಿರುಗಿಸಿದಂತೆಲ್ಲ ಆ ಹೆಂಗಸು ಸೆರಗನ್ನು ಬಿಡಿಸುತ್ತಾ ಹೋದಳು. ಎಣ್ಣೆಯ ಕಪ್ಪು ಮೆತ್ತಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ. ಹೋದ ಜೀವ ಬಂದಂತಾಯಿತು.

ಕೀಲಿಗೆಂದು ಕೈ ಚಾಚಿದೆ. ಅವಳು ಅದನ್ನು ನನ್ನ ಹೆಂಡತಿಯ ಕೈಗಿಟ್ಟಳು.

"ಸೆರಗ ಸೊಂಟಕ್ಕ ಸಿಗಿಸ್ಕೊಂಡ ಮ್ಯಾಲ ಕೊಡ್ರಿ, ಅಕ್ಕಾರ."