ಸೋಮವಾರದ ನೊಗ

ಹಗರಿಬೊಮ್ಮನಹಳ್ಳಿಯ ರೈಲ್ವೆ ಗೇಟು ಹಾಕಿದ್ದರೆ ಗವಿಸಿದ್ದೇಶ್ ಕಾಯುವ ಆಸಾಮಿಯಲ್ಲ. ಬೈಕನ್ನು ಓರೆ ಮಾಡಿ, ಕತ್ತು ಬಗ್ಗಿಸಿ, ಕಂಬಿಯ ಕೆಳಗೆ ನುಸುಳಿ ಆಚೆ ಹೋಗಿಬಿಡುತ್ತಾನೆ. ಗೇಟಿನವನು ಬಯ್ಯುತ್ತಾನೆ, ಇವನು ತಿರುಗಿ ಬಯ್ಯುತ್ತಾನೆ. ಅದು ಇಬ್ಬರಿಗೂ ದಿನದ ನಮಸ್ಕಾರವಿದ್ದಂತೆ.

ಕಾಯಲು ಅವನಿಗೆ ಹೊತ್ತಾದರೂ ಎಲ್ಲಿ? ಮನೆ ಕೊಟ್ಟೂರಿನಲ್ಲಿ. ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಕಾಮರ್ಸ್ ಪಾಠ, ಮಧ್ಯಾಹ್ನ ಹಡಗಲಿಯ ಇನ್ನೊಂದು ಕಾಲೇಜಿನಲ್ಲಿ ಅದೇ ಪಾಠ, ಭಾನುವಾರ ಹರಪನಹಳ್ಳಿಯಲ್ಲಿ ಕೋಚಿಂಗು. ಎಲ್ಲ ಕಡೆಯೂ ಅತಿಥಿ ಉಪನ್ಯಾಸಕ, ಅದೂ ಎಷ್ಟೋ ವರ್ಷಗಳಿಂದ. "ಅತಿಥಿ ಅಂದ್ರ ಊಟ ಮಾಡಿ, ಎಲಿ ಅಡಿಕಿ ಹಾಕ್ಕೊಂಡು ಹೋಗಾವ. ನೀವು ನೋಡಿದ್ರ ಅವ್ರ ಮನಿ ಕಸಾ ಹೊಡದು ಬರ್ತೀರಿ," ಎನ್ನುತ್ತಾಳೆ ಹೆಂಡತಿ ಸುಕನ್ಯಾ. ಅವನಿಗೆ ಸಿಟ್ಟು ಬರುತ್ತದೆ. ಅವನಿಗೆ ಯಾವುದಕ್ಕೆ ಬರುವುದಿಲ್ಲ ಹೇಳಿ. ಬಿಸಿ ಚಹಾಕ್ಕೂ ಬರುತ್ತದೆ, ಆರಿದ ಚಹಾಕ್ಕೂ ಬರುತ್ತದೆ.

ಆ ವರ್ಷ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಬಿ.ಬಿ.ಎ. ಕೊನೆಯ ತರಗತಿಗೆ ಹೊಸ ವಿಷಯವೊಂದು ಬಂತು. ಮುಂದೆ ಏನು ಮಾಡಬೇಕೆಂದು ಹುಡುಗರು ತಾವೇ ಯೋಚಿಸಿ ದಾರಿ ಹಾಕಿಕೊಳ್ಳುವುದು ಹೇಗೆ, ದುಡಿಮೆ ಒಂದು ಕಡೆ ಮನೆ ಒಂದು ಕಡೆ ಇಟ್ಟು ಸರಿದೂಗಿಸುವುದು ಹೇಗೆ, ಇದೇ ಪಾಠ. ಖಾಯಂ ಮೇಷ್ಟ್ರುಗಳು ಯಾರೂ ಅದನ್ನು ಮುಟ್ಟಲಿಲ್ಲ. ಪ್ರಿನ್ಸಿಪಾಲ್ ಏಕಾಂತಪ್ಪನವರು ತಂದು ಗವಿಸಿದ್ದೇಶನ ತಲೆಗೆ ಕಟ್ಟಿದರು.

ಸುಕನ್ಯಾ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. "ಮನಿ-ಕೆಲಸ ಸರಿದೂಗಸೋದು ನೀವು ಕಲಸ್ತೀರಾ? ನಿಮ್ಮ ಮಗಳು ನಿನ್ನೆ ಕೇಳಿದ್ಲು, ಅಪ್ಪ ಎಷ್ಟೊತ್ತಿಗೆ ಮನಿಗೆ ಬರ್ತಾನ ಅಂತ. ನನಗೂ ಹೇಳಿಲ್ಲವ್ವ, ಬಂದ್ರ ಕೇಳು ಅಂದೆ."

ಮೊದಲ ದಿನವೇ ಅವನು ತರಗತಿಯಲ್ಲಿ, ಐದು ವರ್ಷದ ನಂತರ ನೀವೇನಾಗಿರಬೇಕು ಬರೆಯಿರಿ ಎಂದ. ಇಡೀ ತರಗತಿ ಬರೆದದ್ದು ಒಂದೇ: ಬ್ಯಾಂಕು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಹಿಂದಿನ ಬೆಂಚಿನ ಪ್ರವೀಣಕುಮಾರ್ ಎದ್ದು ನಿಂತು, "ಸರ್, ಸುಮ್ನ ಯಾಕ ಒದ್ದಾಡೋದು. ಯಾರ್ಯಾರು ಏನೇನು ಮಾಡಬೇಕು ನೀವ ಹೇಳಿಬಿಡ್ರಿ," ಎಂದ.

"ನಾನೇನ್ ಮೈಲಾರದ ಗೊರವಪ್ಪೇನಲೇ?" ಗವಿಸಿದ್ದೇಶ್ ಗುಡುಗಿದ. "ಬಿಲ್ಲು ಹತ್ತಿ, ಸದ್ದಲೇ ಅಂತ ಕೂಗಿ, ಒಂದು ಮಾತು ಹೇಳಿ ಕೆಳಗ ಬೀಳಲಿ? ವರ್ಷದ ಭವಿಷ್ಯ ಅಂತ ನೀವು ಅದನ್ನ ಹೊತ್ಕೊಂಡು ತಿರುಗ್ತೀರಿ?"

ಹುಡುಗರಿಗೆ ಅಷ್ಟೇ ಸಾಕಾಯಿತು. ಗೊರವಪ್ಪನ ಭವಿಷ್ಯವಾಣಿಯ ಹೆಸರಿನಲ್ಲಿ ಅಂದಿನಿಂದ ಅದು ಕಾರಣಿಕದ ಪಿರಿಯಡ್ಡು. ಗವಿಸಿದ್ದೇಶ್ ಸಿಟ್ಟಿನಲ್ಲಿ ಏನು ಒದರಿದರೂ ಅವನು ಹೊರಗೆ ಹೋದಮೇಲೆ ಬೋರ್ಡಿನ ಮೂಲೆಯಲ್ಲಿ ಅದು ಬರುತ್ತಿತ್ತು, ಕೊನೆಗೊಂದು 'ಪರಾಕ್' ಸೇರಿಸಿಕೊಂಡು. 'ಫ್ಯಾನು ತಿರುಗಿದರೆ ತಲೆ ತಿರುಗಬೇಕೆಂದಿಲ್ಲ ಪರಾಕ್.' ಮೈಲಾರದಲ್ಲಿ ಜನ ಕಾರಣಿಕ ಕೇಳಿ ಮಳೆಯೋ, ಬೆಳೆಯೋ, ರಾಜಕೀಯವೋ ಎಂದು ಅರ್ಥ ಹಚ್ಚುತ್ತಾರಲ್ಲ, ಹಾಗೆ ಇವರೂ ಕ್ಯಾಂಟೀನಿನಲ್ಲಿ ಕುಳಿತು ಅರ್ಥ ಹಚ್ಚುತ್ತಿದ್ದರು.

ಒಂದು ಸೋಮವಾರ ಅವನು ವಾರದ ದಿನಚರಿಗಳನ್ನು ನೋಡುತ್ತಿದ್ದ. ನೀವು ಬದುಕಬೇಕೆಂದಿರುವ ವಾರವನ್ನು ಬರೆದು ತನ್ನಿ ಎಂದಿದ್ದ. ಮೇಷ್ಟ್ರಿಗೆ ಖುಷಿಯಾಗಲಿ ಎಂದು ಎಲ್ಲರೂ ಎದ್ದಾಗಿನಿಂದ ಮಲಗುವ ತನಕ ದುಡಿಮೆ, ಓದು, ಮತ್ತೆ ದುಡಿಮೆ ಎಂದು ತುಂಬಿಸಿಟ್ಟಿದ್ದರು. ನೋಡುತ್ತ ನೋಡುತ್ತ ಅವನು ಹಾಳೆ ತಿರುವುವುದನ್ನು ನಿಲ್ಲಿಸಿದ. ಆ ಹಾಳೆಗಳಲ್ಲಿದ್ದದ್ದು ಅವನದೇ ವಾರ.

"ನಮ್ಮಪ್ಪ ನಾಗಪ್ಪ ಇವತ್ತಿಗೂ ಸೋಮವಾರ ಎತ್ತು ಹೂಡಂಗಿಲ್ಲ," ಎಂದು ಮೇಜು ಗುದ್ದಿದ. "ಬಸವಣ್ಣನ ವಾರ ಅಂತ ಎತ್ತಿಗೆ ನೊಗ ಇಳಸ್ತಾನ. ನೀವು ಎತ್ತಿಗಿಂತ ಕಡೀನಾ? ಒಂದು ದಿನಾನೂ ನೊಗ ಇಳಸದ ಕೆಲಸ ಇದ್ರ, ಒದ್ದು ಬರ್ರಿ!"

ಮರುದಿನ ಬೋರ್ಡಿನ ಮೂಲೆಯಲ್ಲಿ ಅದೂ ಬಂತು: 'ನೊಗ ಇಳಿಸದ ಕೆಲಸ ಒದ್ದು ಬಾ ಪರಾಕ್.' ಗವಿಸಿದ್ದೇಶ್ ಒರೆಸಿ ಹಾಕಿದ. ಒರೆಸಿದರೆ ಹೋಯಿತು ಎಂದುಕೊಂಡ.

ಕೆಲವು ವಾರ ಕಳೆದ ಮೇಲೆ, ಮತ್ತೊಂದು ಸೋಮವಾರ, ಹಡಗಲಿಗೆ ಹೊರಡಲು ಬೈಕಿಗೆ ಕೀಲಿ ಹಾಕುತ್ತಿದ್ದಾಗ ಪ್ಯೂನ್ ಓಡಿಬಂದ. ಪ್ರಿನ್ಸಿಪಾಲರು ಕರೆಯುತ್ತಿದ್ದರು.

ಒಳಗೆ ಏಕಾಂತಪ್ಪನವರ ಎದುರು, ಕುರ್ಚಿಯಿದ್ದರೂ ನಿಂತೇ ಇದ್ದವರು ಸೋಮಪ್ಪ. ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊಟದ ಡಬ್ಬಿಯ ಚೀಲ. ಬಾಗಿಲಿಗೆ ಒರಗಿ ಅವರ ಮಗಳು ಕ್ರಾಂತಿ. ತರಗತಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಇರುವ ಕಣ್ಣಿನ ಹುಡುಗಿ. ಬೀಜ-ಗೊಬ್ಬರದ ಕಂಪನಿಯೊಂದು ಬಂದು ಇಡೀ ಕಾಲೇಜಿನಲ್ಲಿ ಅವಳೊಬ್ಬಳನ್ನೇ ಆರಿಸಿತ್ತು, ಹರಪನಹಳ್ಳಿಯ ಡಿಪೋಕ್ಕೆ. ಅವಳ ಫೋಟೋ ಹಾಕಿ, ಕೆಳಗೆ 'ಹರಪನಹಳ್ಳಿಗೆ ಆಯ್ಕೆ, ನಮ್ಮ ಹೆಮ್ಮೆ' ಎಂದು ಏಕಾಂತಪ್ಪನವರು ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿಯೂ ಆಗಿತ್ತು.

"ಈ ಹುಡುಗಿ ಕೆಲಸ ಬ್ಯಾಡ ಅಂತಾಳ," ಎಂದರು ಏಕಾಂತಪ್ಪ. "ಸಂಜಿ ಒಳಗ ಹೂಂ ಅನ್ನಲಿಲ್ಲ ಅಂದ್ರ ಕಂಪನಿಯವ್ರು ಬ್ಯಾರೆಯವ್ರಿಗೆ ಕೊಡ್ತಾರ. ಯಾರು ಬಿಡು ಅಂದ್ರವ್ವಾ ಅಂದ್ರ, ನಿಮ್ಮ ಹೆಸರು ಹೇಳ್ತಾಳ."

"ನಾನಾ?"

ಸೋಮಪ್ಪ ದನಿ ಏರಿಸಲಿಲ್ಲ. "ಸರ, ನೊಗ ಇಳಸದ ಕೆಲಸ ಒದ್ದು ಬರ್ರಿ ಅಂದ್ರಂತ. ಅಲ್ಲಿ ಭಾನುವಾರನೂ ಹಳ್ಳಿ ತಿರುಗಬೇಕಂತ. ಅದನ್ನ ಬಿಟ್ಟು ಹಡಗಲಿ ಮಲ್ಲಿಗಿ ಬೆಳೆಗಾರರ ಸಂಘದಾಗ ಸೇರ್ತಾಳಂತ, ಪಗಾರ ಅರ್ಧ. ಇದನ್ನ ಸರ್ ಹೇಳ್ಯಾರ ಅಂತಾಳ. ನೀವು ಹೇಳಿದ್ದು ಹೌದೋ, ಅಲ್ಲೋ?"

"ಸೋಮಪ್ಪನವ್ರ, ನಾನು ಹೇಳಿದ್ದು ಎತ್ತಿನ ವಿಷಯ..."

"ಎತ್ತಿನ ವಿಷಯ ನನಗ ಗೊತ್ತೈತ್ರಿ ಸರ." ಸೋಮಪ್ಪ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ನಮ್ಮಪ್ಪ ಮಂದಿ ಮನಿಯಾಗ ಜೀತಕ್ಕಿದ್ದ. ಸೋಮವಾರ ಎತ್ತಿಗೆ ರಜಾ. ಅವನ್ನ ಹಳ್ಳಕ್ಕ ಹೊಡಕೊಂಡು ಹೋಗಿ, ಮೈ ತಿಕ್ಕಿ ತೊಳಿಯಾವ ಯಾರು? ನಮ್ಮಪ್ಪ. ಎತ್ತು ನೆಳ್ಳಾಗ ಮಲಗ್ತಿತ್ತು, ಅವಗ ರಜಾ ಇರಲಿಲ್ಲ. ನಮ್ಮ ಮನಿಯಾಗ ತಿಂಗಳ ಪಗಾರ ಅಂಬೋದು ನನ್ನಿಂದ ಸುರುವಾತು. ಅದನ್ನ ಒದ್ದು ಬಾ ಅಂತ ಹೇಳಾಕ ನಿಮಗ ಹೆಂಗ ಮನಸು ಬಂತು?"

ಗವಿಸಿದ್ದೇಶನಿಗೆ ಚಿಕ್ಕಂದಿನಲ್ಲಿ ತಮ್ಮ ಮನೆಯ ಎತ್ತುಗಳ ಮೈ ತೊಳೆಯಲು ಹುಲುಗಣ್ಣ ಎಂಬ ಮುದುಕ ಬರುತ್ತಿದ್ದದ್ದು ನೆನಪಾಯಿತು. ಸೋಮವಾರವೇ ಬರುತ್ತಿದ್ದ. ಅವನ ರಜೆ ಯಾವ ವಾರ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ತಮಾಷಿಗೆ ಅಂದಿದ್ದೆ ಅಂತ ಹೇಳಿಬಿಡ್ರಿ ಗವಿಸಿದ್ದೇಶ್," ಏಕಾಂತಪ್ಪ ಗಡಿಬಿಡಿಯಲ್ಲಿ ನಡುವೆ ಬಂದರು. "ಮುಂದಿನ ವರ್ಷದ ಪಿರಿಯಡ್ ಹಂಚಾಕ ಕುಂತೀನಿ. ನಿಮಗೂ ಛಲೋ, ನಮಗೂ ಛಲೋ."

ಕ್ರಾಂತಿ ಅವನನ್ನೇ ನೋಡುತ್ತಿದ್ದಳು. ಹೌದು ಅನ್ನಿ ಸರ್, ಅಷ್ಟೇ ಸಾಕು ಎಂದು ಕಣ್ಣು ಬೇಡುತ್ತಿತ್ತು. ಹೌದು ಎಂದರೆ ಅಪ್ಪ ತಲೆಬಾಗುತ್ತಾರೆ. ಮೇಷ್ಟ್ರ ಮಾತು ಅವರಿಗೆ ದೊಡ್ಡದು. ಇಲ್ಲ ಎಂದರೆ ಹುಡುಗಿ ಸುಳ್ಳಿಯಾಗಿ ಸಂಜೆಯೊಳಗೆ ಹರಪನಹಳ್ಳಿಗೆ ಹೂಂ ಎನ್ನುತ್ತಾಳೆ. ಗವಿಸಿದ್ದೇಶ್ ನಿಂತಲ್ಲಿ ನಿಲ್ಲಲಾರದೆ ಕಿಟಕಿಯ ತನಕ ಹೋಗಿ ಬಂದ. ಹೌದು ಎನ್ನುವುದು ಸುಲಭವಿತ್ತು. ಆದರೆ ಹಾಗೆಂದರೆ ವರ್ಷವೆಲ್ಲ ಗಂಟಲು ಹರಿದುಕೊಂಡದ್ದಕ್ಕೆ ಅರ್ಥವೇನು? ಇವಳ ಬದುಕನ್ನೂ ತಾನೇ ಬಿಲ್ಲು ಹತ್ತಿ ಹೇಳಿದಂತಾಗುತ್ತಿತ್ತು.

"ಆ ಮಾತು ನಂದ," ಎಂದ. "ಸಿಟ್ಟಿನಾಗ ಒದರಿದೆ. ತಮಾಷಿಗಲ್ಲ. ನನ್ನ ಹಣೇಬಾರ ನೋಡಿ ನನಗ ನಾನ ಬೈಕೊಂಡಿದ್ದು ಅದು. ಆದ್ರ ಹಡಗಲಿ ಸಂಘ ಯಾವುದು, ಎಲ್ಲೈತಿ, ನನಗ ಗೊತ್ತಿಲ್ಲ. ಅದನ್ನ ಹುಡುಕಿದಾಕಿ ನಿಮ್ಮ ಮಗಳು. ಆಕಿನ್ನ ಕೇಳ್ರಿ."

ಕ್ರಾಂತಿಯ ಮುಖ ಬಿಳಿಚಿಕೊಂಡಿತು. ಕೈ ಬಿಟ್ಟಿರಲ್ಲ ಸರ್ ಎನ್ನುವಂತೆ ನೋಡಿದಳು. ಹೊರಗೆ ಯಾವುದೋ ತರಗತಿ ಬಿಟ್ಟು ಗದ್ದಲ ಹರಿದುಬಂತು. ಗವಿಸಿದ್ದೇಶನ ಕಾಲು ತಾನಾಗಿಯೇ ನೆಲ ಬಡಿಯುತ್ತಿತ್ತು.

"ಹೌದಪ್ಪ," ಎಂದಳು ಕೊನೆಗೆ. "ಸರ್ ಹೇಳ್ಯಾರ ಅಂದ್ರ ನೀನು ಸುಮ್ನಾಗ್ತಿ ಅಂತ ಅವರ ಹೆಸರು ಹೇಳಿದೆ. ಬ್ಯಾಡ ಅಂದಾಕಿ ನಾನ. ಹಡಗಲಿಗೆ ಹೋಗಿ ನೋಡಿ ಬಂದೀನಿ. ಹೂವು ನಸುಕಿನಾಗ ಬರ್ತೈತಿ. ತೂಕ ಮಾಡಸಬೇಕು, ರೇಟು ಮಾತಾಡಬೇಕು, ಬಸ್ಸಿಗೆ ಏರಸಬೇಕು. ಬಿಸಲೇರಿದ ಮ್ಯಾಲೆ ಮೊಗ್ಗು ಅರಳಿಬಿಡ್ತಾವ, ಆಮ್ಯಾಲೆ ಯಾವ ಸಾಹೇಬನೂ ನನ್ನ ಹಿಡದು ಕುಂದರಸಾಕ ಬರಂಗಿಲ್ಲ. ಮಧ್ಯಾಹ್ನ ನಂದು. ಎಂ.ಕಾಂ. ಕಟ್ತೀನಿ. ಪಗಾರ ಕಮ್ಮಿ ಐತಿ, ಗೊತ್ತೈತಿ." ಬಾಗಿಲು ಬಿಟ್ಟು ಅಪ್ಪನ ಹತ್ತಿರ ಬಂದಳು. "ತಾತ ಒಂದು ದಿನ ಕುಂತಿಲ್ಲ ಅಂತ ನೀನ ಹೇಳ್ತಿ. ನೀನೂ ಕುಂತಿಲ್ಲ. ಇಲ್ಲೂ ನಿಂತೇ ಇದೀ ನೋಡು. ನನಗ ಕುಂದರೋ ಹೊತ್ತು ಬೇಕಪ್ಪ."

ಸೋಮಪ್ಪ ಮಗಳನ್ನು ನೋಡಿದರು, ಎದುರಿನ ಖಾಲಿ ಕುರ್ಚಿಯನ್ನು ನೋಡಿದರು. ನಿಧಾನವಾಗಿ ಅದನ್ನು ಎಳೆದುಕೊಂಡು ಕುಳಿತರು.

"ಎತ್ತಿಗಿದ್ದದ್ದು ನನಗ ಬೇಕು ಅಂತಿ."

"ಎತ್ತಿಗಿಂತ ಒಂದು ಗುಲಗಂಜಿ ಹೆಚ್ಚಿಗಿ."

ಅವರ ತುಟಿಯ ಅಂಚು ಒಂದಿಷ್ಟು ಅಲ್ಲಾಡಿತು. "ಒಂದು ವರ್ಷ ನೋಡೂಣು. ಆಮ್ಯಾಲೆ ಮಾತಾಡೋ ಸರತಿ ನಂದು. ನಿಮ್ಮವ್ವ ದುರುಗಮ್ಮಗ ನೀನ ಹೇಳು, ನನ್ನ ಕಡಿಂದ ಆಗಂಗಿಲ್ಲ."

"ಮತ್ತ ಫ್ಲೆಕ್ಸು?" ಏಕಾಂತಪ್ಪ ಹಣೆ ಒರೆಸಿಕೊಂಡರು.

"ಫೋಟೋ ಇರ್ಲಿ ಬಿಡ್ರಿ ಸರ," ಎಂದರು ಸೋಮಪ್ಪ. "ಕೆಳಗ ಊರಿನ ಹೆಸರು ತಿದ್ದಸ್ರಿ."

ಗವಿಸಿದ್ದೇಶ್ ಹೊರಬೀಳುವಾಗ ಏಕಾಂತಪ್ಪ ಹಿಂದಿನಿಂದ ಹೇಳಿದರು, ಮುಂದಿನ ವರ್ಷ ಈ ವಿಷಯ ಬೇರೆಯವರಿಗೆ ಕೊಡುತ್ತೇನೆ ಎಂದು. "ಕೊಡ್ರಿ! ಯಾರು ಬ್ಯಾಡ ಅಂದ್ರು?" ಎಂದು ಒದರಿ ಬೈಕಿನ ಹತ್ತಿರ ಬಂದ. ಕ್ರಾಂತಿ ಹಿಂದೆಯೇ ಬಂದಿದ್ದಳು.

"ಸರ್, ಎಲ್ಲರ ವಾರ ಬರಸಿಕೊಂಡ್ರಿ. ನಿಮ್ಮದು ತೋರಸಲೇ ಇಲ್ಲ."

"ನಿಮ್ಮಪ್ಪ ಕಾಯಾಕತ್ಯಾರ, ಹೋಗು," ಎಂದು ಕಿಕ್ ಹೊಡೆದ.

ಗೇಟು ಹಾಕಿತ್ತು. ಎಂದಿನಂತೆ ಬೈಕು ಓರೆ ಮಾಡಿದ, ಕತ್ತು ಬಗ್ಗಿಸಿದ. ಗೇಟಿನವನು ಬಯ್ಯಲು ಬಾಯಿ ತೆರೆದ. ಅಷ್ಟರಲ್ಲಿ ಗವಿಸಿದ್ದೇಶ್ ಹಿಂದಕ್ಕೆ ಎಳೆದುಕೊಂಡು ಇಂಜಿನ್ ಆರಿಸಿಬಿಟ್ಟ. ರೈಲಿನ ಸುಳಿವಿಲ್ಲ. ಕೀಲಿ ತಿರುಗಿಸಲು ಕೈ ಹೋಯಿತು, ಹಿಂದಕ್ಕೆ ತಂದ. ಮತ್ತೆ ಹೋಯಿತು. ಆ ಕೈಗೊಂದು ಕೆಲಸ ಬೇಕೆಂದು ಫೋನು ತೆಗೆದ. ಮೊದಲು ಹಡಗಲಿಗೆ ಮಾಡಿ ಇವತ್ತು ಬರುವುದಿಲ್ಲ ಎಂದ. ಯಾಕೆ ಎಂದು ಕೇಳಿದರು, ಸೋಮವಾರ ಎಂದು ಇಟ್ಟುಬಿಟ್ಟ. ಆಮೇಲೆ ಮನೆಗೆ ಮಾಡಿದ.

"ಸುಕನ್ಯಾ, ರೊಟ್ಟಿ ಅದಾವೇನು? ಮನಿಗೆ ಬರಾಕತ್ತೀನಿ."

ಆ ಕಡೆಯಿಂದ ಗಾಬರಿಯ ದನಿ: "ಯಾಕ್ರಿ? ಬೈಕಿಂದ ಬಿದ್ರೇನು? ಜ್ವರಾ ಗಿರಾ ಬಂದಾವಾ?"

ಏನೂ ಆಗಿಲ್ಲ ಎಂದು ರೇಗಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ರೈಲು ಬಂತು.