ಬ್ರೇಕ್ ಮೇಷ್ಟ್ರು ಮತ್ತು ಮಗಳ ಎಡಗಾಲು

ಡ್ರೈವಿಂಗ್ ಸ್ಕೂಲಿನ ಆ ಮೇಷ್ಟ್ರಿಗೆ ಊರಿನವರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದಲ್ಲ, ಆ ಬ್ರೇಕಿನಿಂದ ಅವರು ಕಾಲು ತೆಗೆದದ್ದನ್ನು ಕಂಡವರಿಲ್ಲ. ರಸ್ತೆ ಪಕ್ಕದಲ್ಲಿ ನಾಯಿ ಕಂಡರೆ ಸಾಕು, ಗಾಡಿ ಗಕ್ಕನೆ ನಿಲ್ಲುತ್ತಿತ್ತು.

"ಮೇಷ್ಟ್ರೇ, ಅದು ಮಲಗಿದೆ" ಎಂದರೆ, "ಏಳಲ್ಲ ಅಂತ ನಿನಗೆ ಬರೆದು ಕೊಟ್ಟಿದೆಯಾ?" ಎನ್ನುವರು.

ಅವರಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಆಟದ ಟೀಚರು. ಮೂವತ್ತು ದಾಟಿದ್ದರೂ ಮಕ್ಕಳಿಗಿಂತ ಮುಂದೆ ಓಡುವವಳು. ಒಂದು ಭಾನುವಾರ ಮಧ್ಯಾಹ್ನ ಅವಳು ಅಂಗಡಿಗೆ ಹೋಗಿ ಮೆಟ್ಟಿಲು ಹತ್ತಿ ಬಂದಾಗ ಬಲಗಾಲಿನಲ್ಲಿ ಚಪ್ಪಲಿ ಇತ್ತು, ಎಡಗಾಲು ಬರಿದಾಗಿತ್ತು.

"ಇನ್ನೊಂದು ಎಲ್ಲೇ?" ಎಂದು ಮೇಷ್ಟ್ರು ಕೇಳಿದರು.

ಅವಳು ಬಗ್ಗಿ ನೋಡಿಕೊಂಡು ನಕ್ಕಳು. ಮೇಷ್ಟ್ರೂ ನಗುತ್ತಲೇ ಕೆಳಗಿಳಿದರು. ಚಪ್ಪಲಿ ಕೆಳಗಿನ ಮಹಡಿಯ ತಿರುವಿನಲ್ಲಿ ಬೋರಲಾಗಿ ಬಿದ್ದಿತ್ತು. ಅಲ್ಲಿಂದ ಮನೆಯವರೆಗೆ ಒರಟು ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾಳೆ, ಅವಳಿಗೆ ಗೊತ್ತೇ ಆಗಿಲ್ಲ. ಚಪ್ಪಲಿ ಕೈಗೆತ್ತಿಕೊಂಡ ಮೇಷ್ಟ್ರ ನಗು ಅಲ್ಲೇ ನಿಂತಿತು.

ಸ್ಕ್ಯಾನಿನಲ್ಲಿ ಬೆನ್ನುಹುರಿಯೊಳಗೆ ಗಂಟು ಕಂಡಿತು. ಆಪರೇಷನ್ ಮಾಡುವ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ.

"ಹಾಗೇ ಬಿಟ್ರೆ ಎರಡೂ ಕಾಲು ಹೋಗತ್ತೆ. ತೆಗೆದ್ರೆ ನಡೀಬಹುದು, ನಡೀದೇ ಇರಲೂಬಹುದು. ಮಾತು ಕೊಡೋಕೆ ನನ್ನ ಕೈಲಾಗಲ್ಲ."

ಅವತ್ತಿನಿಂದ ಮೇಷ್ಟ್ರು ಮಗಳೆದುರು ಜೋರಾಗಿ ಮಾತಾಡತೊಡಗಿದರು, ಸುಮ್ಮಸುಮ್ಮನೆ ನಗತೊಡಗಿದರು. ಅಳು ಬಂದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುವರು. ಒಂದು ದಿನ ಅವರ ಹೆಂಡತಿ ಬಾಗಿಲ ಬಳಿ ಬಂದು, "ನಲ್ಲಿ ನಿಲ್ಸಿ ಅಳಿ, ಟ್ಯಾಂಕ್ ಖಾಲಿಯಾಗ್ತಿದೆ" ಎಂದರು. ಹಾಗೆಂದ ಅವರ ದನಿಯೂ ಒಡೆದಿತ್ತು.

ರೋಗಿಯ ಜೊತೆ ಒಬ್ಬರೇ ಇರಬೇಕೆಂದು ಆಸ್ಪತ್ರೆಯವರು ಹೇಳಿದ್ದರಿಂದ ಅಮ್ಮ ಮನೆಯಲ್ಲೇ ಉಳಿದರು. ಆಪರೇಷನ್ನಿನ ಹಿಂದಿನ ದಿನ ಹೊರಡುವಾಗ ಮಗಳು ಡ್ರೈವಿಂಗ್ ಸ್ಕೂಲಿನ ಕಾರಿನ ಬಲಬಾಗಿಲು ತೆಗೆದು ಸ್ಟೇರಿಂಗ್ ಮುಂದೆ ಕೂತುಬಿಟ್ಟಳು.

"ನಾನು ಓಡಿಸ್ತೀನಪ್ಪ."

"ತಲೆ ಕೆಟ್ಟಿದೆಯಾ? ಎಡಗಾಲು ಮಾತು ಕೇಳುತ್ತಾ?"

"ಕ್ಲಚ್ ನೀನು ಒತ್ತು. ಮಿಕ್ಕಿದ್ದು ನಾನು ನೋಡ್ಕೋತೀನಿ." ಸ್ವಲ್ಪ ತಡೆದು ಹೇಳಿದಳು, "ಮತ್ತೆ ಓಡಿಸ್ತೀನೋ ಇಲ್ವೋ."

ಜೀವಮಾನದಲ್ಲಿ ಒಂದು ನಿಯಮವನ್ನೂ ಮುರಿಯದ ಮನುಷ್ಯ ಪಕ್ಕದಲ್ಲಿ ಕೂತರು. ಅವಳು "ಹೂಂ" ಎಂದಾಗ ಇವರು ಕ್ಲಚ್ ಒತ್ತುವರು, ಅವಳು ಗೇರ್ ಹಾಕಿ "ಬಿಡು" ಎಂದಾಗ ಮೆಲ್ಲಗೆ ಬಿಡುವರು. ಮೊದಲ ಸಿಗ್ನಲ್ಲಿನಲ್ಲೇ ಇವರು ಬೇಗ ಬಿಟ್ಟು ಗಾಡಿ ಬಂದ್ ಆಯಿತು. ಹಿಂದಿನವರು ಹಾರನ್ ಬಾರಿಸಿದರು.

"ನಿನಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರಪ್ಪ?" ಎಂದಳು ಮಗಳು.

ಇಬ್ಬರೂ ನಕ್ಕರು. ಆಮೇಲೆ ಸೇತುವೆ ಇಳಿಯುವಾಗ ಅವಳೆಂದಳು, "ಅಪ್ಪ, ಬ್ರೇಕಿಂದ ಕಾಲು ತೆಗಿ. ಬಲಗಾಲು ಇನ್ನೂ ನಂದೇ." ಮೇಷ್ಟ್ರು ಕಾಲು ತೆಗೆದರು. ಆಸ್ಪತ್ರೆ ಬರುವಷ್ಟರಲ್ಲಿ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಸಂಜೆ ನರ್ಸ್ ಬಂದು ಮಗಳ ಬೆನ್ನಿನ ಮೇಲೆ ಕೊಯ್ಯುವ ಜಾಗಕ್ಕೆ ಪೆನ್ನಿನಿಂದ ಗೆರೆ ಎಳೆದು ಹೋದಳು. ಆ ಗೆರೆ ಕಂಡದ್ದೇ ತಡ ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಹಿಂದಿನಿಂದ ಮಗಳ ದನಿ ಕೇಳಿತು.

"ಅಪ್ಪ, ಮನೆಗೆ ಹೋಗೋಣ. ಈಗ ಒಂದು ಕಾಲಾದ್ರೂ ಇದೆ. ನಾಳೆ ಅದೂ ಹೋದ್ರೆ?"

ಕಾರಿನ ಕೀ ಜೇಬಿನಲ್ಲೇ ಇತ್ತು. ಏಳು, ಹೋಗೋಣ ಎನ್ನುವುದಷ್ಟೇ ಬಾಕಿ.

"ನನಗೂ ಹೋಗ್ಬೇಕು ಅನ್ನಿಸ್ತಿದೆ ಮಗಳೇ."

"ಹಾಗಲ್ಲ, ನೀನು ಧೈರ್ಯ ಹೇಳ್ಬೇಕು."

"ಇದ್ರೆ ಹೇಳ್ತಿರ್ಲಿಲ್ವಾ?" ಮೇಷ್ಟ್ರು ಮಂಚದ ತುದಿಯಲ್ಲಿ ಕೂತರು. "ನೋಡು, ಹೆದರೋದು ಬಿಟ್ರೆ ನನಗೆ ಬೇರೆ ಕಸುಬು ಗೊತ್ತಿಲ್ಲ. ಈ ಆಪರೇಷನ್ ಅಂದ್ರೂ ಭಯ. ಆದ್ರೆ ಅವತ್ತು ಮೆಟ್ಟಿಲ ಮೇಲೆ ಆ ಚಪ್ಪಲಿ ನೋಡಿದ್ನಲ್ಲ, ಆ ಭಯ ಇದಕ್ಕಿಂತ ದೊಡ್ಡದು. ಮನೆಗೆ ಹೋದ್ರೆ ದಿನಾ ಅದರ ಜೊತೆ ಬಾಳ್ಬೇಕು. ಎರಡರಲ್ಲಿ ಇದೇ ಚಿಕ್ಕದು, ಮಗಳೇ."

ಅವಳು ಬಹಳ ಹೊತ್ತು ಅತ್ತಳು. ಅವರು ತಡೆಯಲಿಲ್ಲ. ಅತ್ತು ಮುಗಿದ ಮೇಲೆ, "ಕಾಲು ಒತ್ತು" ಎಂದಳು. ಮೇಷ್ಟ್ರು ಬಲಗಾಲು ಒತ್ತಿದರು. "ಎಡಗಾಲೂ ಒತ್ತು. ಗೊತ್ತಾಗಲ್ಲ, ಆದ್ರೂ ನೋಡ್ತಿರ್ತೀನಿ" ಎಂದು ದಿಂಬಿಗೆ ಒರಗಿ ತಲೆಯೆತ್ತಿದಳು.

ಬೆಳಿಗ್ಗೆ ತಳ್ಳುಮಂಚ ಎರಡು ರೆಕ್ಕೆಯ ಬಾಗಿಲಿನೊಳಗೆ ಹೋಯಿತು. ಹೊರಗಿನ ಬೆಂಚಿನಲ್ಲಿ ಕೂತ ಮೇಷ್ಟ್ರು ಬಾಗಿಲು ತೆರೆದಾಗಲೆಲ್ಲ ಅತ್ತ ತಿರುಗುವರು. ಒಮ್ಮೆ ನರ್ಸೊಬ್ಬಳು ಹೊರಗೆ ಓಡಿಬಂದಳು. ಮೇಷ್ಟ್ರು ಎದ್ದು ನಿಂತರು. ಅವಳು ರಕ್ತದ ಚೀಲಗಳನ್ನು ಹಿಡಿದು ಅದೇ ಓಟದಲ್ಲಿ ಮರಳಿದಳು. ಒಳಗೆ ಇನ್ನೂ ಎಷ್ಟು ಜನರಿಗೆ ಆಪರೇಷನ್ ನಡೆಯುತ್ತಿದೆ ಎಂಬುದೇ ಇವರಿಗೆ ಗೊತ್ತಿರಲಿಲ್ಲ. ಆ ರಕ್ತ ಬೇರೆಯವರಿಗಿರಲಿ ಎಂದುಕೊಂಡರು. ಪಕ್ಕದಲ್ಲಿ ಕೂತಿದ್ದ ಮುದುಕಿಯೂ ಹಾಗೇ ಅಂದುಕೊಳ್ಳುತ್ತಿರಬಹುದೆಂದು ಹೊಳೆದು, ಆಕೆಯ ಮುಖ ನೋಡಲಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರಮ್ಮ ಬಂದರು.

"ಹೆಚ್ಚಿನ ಪಾಲು ತೆಗೆದಿದ್ದೀವಿ. ಒಂದು ಚೂರು ಬೆನ್ನುಹುರಿಗೆ ಅಂಟಿತ್ತು, ಅದನ್ನ ಮುಟ್ಟಲಿಲ್ಲ. ಕಾಲಿನ ವಿಷಯ ಅವಳಿಗೆ ಎಚ್ಚರ ಆದ್ಮೇಲೆ."

ಎಚ್ಚರವಾದಾಗ ಒಳಗೆ ಕರೆದರು. ಡಾಕ್ಟರಮ್ಮ ಹೊದಿಕೆ ಸರಿಸಿ, "ಬೆರಳು ಆಡಿಸಮ್ಮ" ಎಂದರು. ಏನೂ ಆಗಲಿಲ್ಲ. "ಇನ್ನೊಂದು ಸಲ." ಮಗಳು ಕಣ್ಣು ಮುಚ್ಚಿದಳು, ಹಣೆಯಲ್ಲಿ ಗೆರೆ ಮೂಡಿತು. ಬಲಗಾಲಿನ ಹೆಬ್ಬೆರಳು ಒಮ್ಮೆ ಮಡಚಿ ಬಿಚ್ಚಿತು. ಎಡಗಾಲು ಹಾಗೇ ಇತ್ತು.

ಮೇಷ್ಟ್ರು ಹೊರಗೆ ಬಂದು ಮನೆಗೆ ಫೋನ್ ಮಾಡಿದರು. ಹೆಂಡತಿ ತಕ್ಷಣ ಎತ್ತಿದರು.

"ಏನಾಯ್ತು? ಯಾಕೆ ಸುಮ್ನಿದ್ದೀರಿ? ಅಯ್ಯೋ, ನನ್ನ ಮಗಳು... ಮಾತಾಡ್ರೀ!"

"ಬೆರಳು," ಎಂದರು ಮೇಷ್ಟ್ರು ಕಷ್ಟಪಟ್ಟು.

"ಯಾವ ಬೆರಳು?"

"ಬಲಗಾಲಿಂದು. ಆಡ್ತು."

ಆ ಕಡೆ ಫೋನು ಕೆಳಗೆ ಬಿದ್ದ ಸದ್ದಾಯಿತು.

ಎಡಗಾಲು ಪೂರ್ತಿ ಮರಳಲಿಲ್ಲ. ಆ ಕಾಲಿಗೆ ಆಧಾರದ ಪಟ್ಟಿ ಕಟ್ಟಿ, ಕೋಲು ಹಿಡಿದು ಅವಳು ನಡೆಯುತ್ತಾಳೆ. ಮೈದಾನದ ಅಂಚಿನಲ್ಲಿ ನಿಂತು ಮಕ್ಕಳನ್ನು ಓಡಿಸುತ್ತಾಳೆ. ಬಿಟ್ಟ ಚೂರು ಬೆಳೆದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು. ಆ ದಿನ ಹತ್ತಿರವಾದಂತೆ ಮೇಷ್ಟ್ರಿಗೆ ಊಟ ಸೇರುವುದಿಲ್ಲ. ಈಗ ಅವರು ಅದನ್ನು ಮುಚ್ಚಿಡುವುದೂ ಇಲ್ಲ.

"ಎಷ್ಟು ಭಯ ಅಪ್ಪ?" ಎಂದು ಸ್ಕ್ಯಾನಿನ ಕೋಣೆಯ ಮುಂದೆ ಕೂತು ಅವಳು ಕೇಳುತ್ತಾಳೆ.

"ಹೋದ ವರ್ಷದಷ್ಟೇ. ನಿನಗೆ?"

"ನನಗೂ."

ಒಳಗಿನಿಂದ ಕರೆ ಬರುತ್ತದೆ. ಅವಳು ಬಳೆ, ಓಲೆ ಬಿಚ್ಚಿ ಅವರ ಅಂಗೈಗೆ ಹಾಕಿ ಒಳಗೆ ಹೋಗುತ್ತಾಳೆ. ಮೇಷ್ಟ್ರು ಮುಷ್ಟಿ ಬಿಗಿಹಿಡಿದು ಬಾಗಿಲನ್ನೇ ನೋಡುತ್ತಾ ಕೂರುತ್ತಾರೆ.